ಕಾಲ್ಪೇಟಿಗೆ ಗಾಳಿ

ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಯಾರೂ ಒಲೆಯ ಕಡೆಗೆ ನೋಡುವುದಿಲ್ಲ. ನಮ್ಮವರ ಕಡೆಗೆ ನೋಡುತ್ತಾರೆ. ಅವರು ಪೇಪರು ಓದುತ್ತಿರಲಿ, ಹಲ್ಲು ತಿಕ್ಕುತ್ತಿರಲಿ, ತಲೆಯನ್ನು ಒಂದಿಷ್ಟು ವಾರೆ ಮಾಡಿ "ಕರಿ ಎರಡು" ಎನ್ನುತ್ತಾರೆ. ಪೇಟಿಯ ಎರಡನೆಯ ಕರಿ ಪಟ್ಟಿ ಒತ್ತಿದರೆ ಯಾವ ಸ್ವರ ಬರುತ್ತದೆಯೋ ಅದೇ ಸ್ವರದಲ್ಲಿ ನಮ್ಮ ಕುಕ್ಕರು ಕೂಗುತ್ತದೆ ಎಂದು ಅರ್ಥ. ಒಂದೊಂದು ದಿನ "ಸ್ವಲ್ಪ ಇಳದೈತಿ, ರಬ್ಬರ್ ಬದಲಿಸು" ಎಂದೂ ಹೇಳುತ್ತಾರೆ. ಬದಲಿಸಿದರೆ ಮತ್ತೆ ಕರಿ ಎರಡು. ಒಳಗಿನ ಬೇಳೆ ಬೆಂದಿದೆಯೋ ಇಲ್ಲವೋ ಎನ್ನುವುದು ಮಾತ್ರ ಅವರಿಗೆ ತಿಳಿಯುವುದಿಲ್ಲ. ಅದನ್ನು ನಾನೇ ಮುಚ್ಚಳ ತೆಗೆದು ನೋಡಬೇಕು.

ಇದನ್ನು ಮೊದಲಿಗೇ ಯಾಕೆ ಹೇಳಿದೆನೆಂದರೆ ನನ್ನ ಪರಿಸ್ಥಿತಿ ನಿಮಗೆ ತಿಳಿಯಲಿ ಎಂದು. ಮದುವೆಯಾಗಿ ಬಂದಾಗಿನಿಂದ ನಾನು ಸಂಗೀತದ ನಡುವೆಯೇ ಇದ್ದೇನೆ. ಕಲ್ಲು ಹಳ್ಳದ ನೀರಿನಲ್ಲಿ ಇರುತ್ತದಲ್ಲ, ಹಾಗೆ. ಎಷ್ಟು ವರ್ಷ ಬಿದ್ದಿದ್ದರೂ ಒಡೆದು ನೋಡಿದರೆ ಒಳಗೆ ಒಣ. ಯಾವ ರಾಗ ಯಾವುದು ಎಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಎಲ್ಲಾ ಮುಗಿಯುವ ಹೊತ್ತಿಗೆ ನುಡಿಸಿದರೆ ಅದು ಭೈರವಿ ಇರಬೇಕು ಎಂದು ಅಂದಾಜು ಮಾಡುತ್ತೇನೆ. ಅದೂ ರಾಗ ಕೇಳಿ ಅಲ್ಲ, ಜನ ಚಪ್ಪಲಿ ಹುಡುಕುವುದನ್ನು ನೋಡಿ.

ನಮ್ಮವರು ಪೇಟಿ ಮಾಸ್ತರರು. ಹೆಸರು ಬರೆಯುವುದಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳದವಳು ಕೈಯಲ್ಲಿ ಬರೆದಾಳೇ? ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುವುದು. ಕೈಯಿಂದ ಗಾಳಿ ಹಾಕಿ ನುಡಿಸುವ ಸಣ್ಣ ಪೇಟಿಯನ್ನೂ ಅವರು ನುಡಿಸುತ್ತಾರೆ, ಆದರೆ ಅವರ ಖರೆ ವಾದ್ಯ ಕಾಲ್ಪೇಟಿ. ಪೇಟೆಯ ಜನ ಅದಕ್ಕೆ ಆರ್ಗನ್ ಎನ್ನುತ್ತಾರೆ. ಸಣ್ಣ ಕಪಾಟಿನಷ್ಟು ಇರುತ್ತದೆ. ಕೆಳಗೆ ಎರಡು ಹಲಗೆ, ಅವನ್ನು ಒಂದಾದ ಮೇಲೊಂದು ತುಳಿದರೆ ಗಾಳಿ ಹುಟ್ಟುತ್ತದೆ. ಎರಡೂ ಕೈ ಖುಲ್ಲಾ, ಹತ್ತೂ ಬೆರಳು ನುಡಿಸಬಹುದು. ನಾಟಕ ಕಂಪನಿಯಲ್ಲಿ ಇದ್ದಾಗ ಅವರು ನುಡಿಸುತ್ತಿದ್ದುದು ಅದನ್ನೇ.

ಮಾಸ್ತರರ ಜೀವನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಈಚೆಗೆ ಕೆಲವರು ಕೇಳುತ್ತಾರೆ. ಏನು ಹೇಳಲಿ? ಒಬ್ಬ ಮನುಷ್ಯನ ಬಗ್ಗೆ ಹೇಳಬೇಕಾದರೆ ಅವನು ತನ್ನ ಕೆಲಸ ಮಾಡುವಾಗ ಮುಖ ನೋಡಿರಬೇಕು. ನಾನು ನೋಡಿದ್ದು ಬೆನ್ನು.

ನಾನು ಧಾರವಾಡದ ಹತ್ತಿರದ ಮುಗದ ಊರಿನವಳು. ವರನನ್ನು ನೋಡಲು ನಮ್ಮಪ್ಪ ಹುಬ್ಬಳ್ಳಿಗೆ ಹೋದಾಗ ಅಲ್ಲಿ ಕಂಪನಿಯ ನಾಟಕ ನಡೆದಿತ್ತು. ಪೇಟಿ ಮಾಸ್ತರ ಕೂಡುವುದು ರಂಗದ ಮುಂದಿನ ತಗ್ಗಿನಲ್ಲಿ. ನಟರ ಕಡೆಗೆ ಮುಖ, ಜನರ ಕಡೆಗೆ ಬೆನ್ನು. ಅಪ್ಪ ಇಡೀ ನಾಟಕ ಬಿಟ್ಟು ಆ ಬೆನ್ನನ್ನೇ ನೋಡಿದ. ಮುಗಿದ ಮೇಲೆ ಗದ್ದಲದಲ್ಲಿ ಮುಖ ಸರಿಯಾಗಿ ಕಾಣಲಿಲ್ಲವಂತೆ. ಊರಿಗೆ ಬಂದು ಅವ್ವನ ಮುಂದೆ ಹೇಳಿದ:

"ಬೆನ್ನು ನೆಟ್ಟಗೈತಿ. ಕುತ್ತಿಗಿ ಗಟ್ಟಿ ಐತಿ. ಅಷ್ಟೊತ್ತು ಕುಂತು ತುಳದ್ರೂ ದಣೀಲಿಲ್ಲ ನೋಡು. ಹುಡುಗೀನ ಕೊಡಾಕ ಅಡ್ಡಿ ಇಲ್ಲ."

"ಮಾರಿ ಹೆಂಗೈತ್ರಿ?" ಎಂದಳು ಅವ್ವ.

"ಮಾರಿ ತಗೊಂಡು ಏನ್ ಮಾಡ್ತಿ? ಹೊಲಾ ಹೂಡ್ತಿಯೇನು?"

ಎತ್ತು ಕೊಳ್ಳುವವನ ಲೆಕ್ಕ. ಆ ಲೆಕ್ಕ ಸುಳ್ಳಾಯಿತು ಎಂದು ನಾನು ಹೇಳುವುದಿಲ್ಲ. ಖರೆಯಾಯಿತೇ ಎಂದು ಕೇಳಿದರೆ ಅದನ್ನೂ ಥಟ್ಟನೆ ಹೇಳಲು ಬರುವುದಿಲ್ಲ.

ಕಂಪನಿ ಮುಚ್ಚಿದಾಗ ಪರದೆ, ಕಿರೀಟ, ಬಣ್ಣದ ಪೆಟ್ಟಿಗೆ ಎಲ್ಲವನ್ನೂ ಯಾರು ಯಾರೋ ಹೊತ್ತುಕೊಂಡು ಹೋದರು. ಕಾಲ್ಪೇಟಿಯನ್ನು ಯಾರೂ ಮುಟ್ಟಲಿಲ್ಲ, ಎತ್ತಲಿಕ್ಕೆ ಆಗಲಿಲ್ಲ ಎನ್ನುವುದೇ ಕಾರಣ. ನಮ್ಮವರು ಅದನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಗಿನ ಓಣಿಯ ನಮ್ಮ ಮನೆಗೆ ತಂದು ಮುಂದಿನ ಕೋಣೆಯ ಗೋಡೆಗೆ ಹಚ್ಚಿ ನಿಲ್ಲಿಸಿದರು. ಅಲ್ಲಿಗೆ ನಟರ ಜಾಗಕ್ಕೆ ಗೋಡೆ ಬಂತು, ಜನರ ಜಾಗಕ್ಕೆ ನಾನು ಬಂದೆ. ಬೆನ್ನು ಇದ್ದ ಹಾಗೆ ಇತ್ತು.

ಹಿಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು. ಓಣಿಯ ಹೆಂಗಸರ ಜಂಪರೆಲ್ಲಾ ನಾನೇ ಹೊಲಿಯುತ್ತಿದ್ದೆ. ಅಂದರೆ ಮುಂದೆ ಅವರು ತುಳಿಯುವುದು, ಹಿಂದೆ ನಾನು ತುಳಿಯುವುದು. ಪೇಟಿ ಕಲಿಯುವವರು ಮುಂದಿನ ಬಾಗಿಲಿಗೆ, ಜಂಪರಿನವರು ಹಿಂದಿನ ಬಾಗಿಲಿಗೆ. ಒಮ್ಮೆ ಒಬ್ಬ ತಾಯಿ ಮಗಳನ್ನು ಹಿಂದಿನ ಬಾಗಿಲಿಗೆ ಬಿಟ್ಟು "ಛಲೋತ್ನಾಗಿ ಕಲಸ್ರಿ ಅವ್ವಾರ" ಎಂದು ಹೇಳಿ ಹೋದಳು. ನಾನು ಆ ಹುಡುಗಿಗೆ ಹುಕ್ಕು ಹಚ್ಚಲು ಕೊಟ್ಟೆ. ಹುಡುಗಿ ತುಟಿ ಪಿಟಕ್ಕೆನ್ನದೆ ವಾರವಿಡೀ ಹುಕ್ಕು ಹಚ್ಚಿತು. ಮುಂದಿನ ವಾರ ತಾಯಿ ಬಂದು, "ಏನ್ ಕಲತಿ, ನುಡಿಸಿ ತೋರ್ಸು" ಎಂದಾಗಲೇ ನಮಗೆಲ್ಲರಿಗೂ ತಿಳಿದದ್ದು. ಹುಡುಗಿಯನ್ನು ಕೇಳಿದೆ, "ಯಾಕವ್ವಾ, ಪೇಟಿ ಕಲಿಯಾಕ ಬಂದೇನಿ ಅಂತ ಹೇಳಾಕ ಬರ್ತಿದ್ದಿಲ್ಲೇನು?" ಅದು ಅಳು ಮೋರೆಯಿಂದ ಹೇಳಿತು, "ಮೊದಲ ಪಾಠ ಹುಕ್ಕಿಂದ ಇರಬೇಕು ಅನ್ಕೊಂಡೆ."

ಆ ಹುಡುಗಿಯೇ ಗಿರಿಜಾ. ಈಗ ಧಾರವಾಡದಲ್ಲಿ ಸಂಗೀತ ಕಲಿಸುತ್ತಾಳೆ, ತಲೆಯಲ್ಲಿ ಬಿಳಿ ಕೂದಲು ಬಂದಿವೆ. ಇವತ್ತಿಗೂ ಅವಳ ಹುಕ್ಕು ಕಿತ್ತು ಹೋಗುವುದಿಲ್ಲ.

ನಮ್ಮವರು ಕಲಿಸುವ ರೀತಿಯೂ ನನಗೆ ಒಗಟೇ. ಮಕ್ಕಳು ಹಿಂದೆ ಚಾಪೆಯ ಮೇಲೆ ಕೈಪೇಟಿ ಇಟ್ಟುಕೊಂಡು ಕೂಡುವರು. ಇವರು ಗೋಡೆಯ ಕಡೆ ಮುಖ ಮಾಡಿ ಕಾಲ್ಪೇಟಿಯ ಮುಂದೆ. ಮಗು ತಪ್ಪಿದರೆ ಇವರು ತಿರುಗಿ ನೋಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಹೀಗಲ್ಲ ಹಾಗೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ. "ಕೇಳು" ಎನ್ನುತ್ತಿದ್ದರು. ಮತ್ತೆ ತಪ್ಪಿದರೆ ಸ್ವಲ್ಪ ದೊಡ್ಡದಾಗಿ "ಕೇಳು". ಇಷ್ಟೇ ಪಾಠ. ಇಷ್ಟರಲ್ಲೇ ಮಕ್ಕಳು ಪರೀಕ್ಷೆ ಪಾಸಾಗಿ ಪೇಢೆ ತಂದು ಕೊಡುತ್ತಿದ್ದರು. ನಾನೂ ಹಿಂದಿನ ಕೋಣೆಯಲ್ಲಿ ಅದೇ "ಕೇಳು" ಕೇಳಿದವಳೇ. ನನಗೆ ಮಾತ್ರ ಏನೂ ಹತ್ತಲಿಲ್ಲ.

ಆಮೇಲೆ ಅವರು ಗಾಯಕರಿಗೆ ಸಾಥ್ ಕೊಡಲು ಹೋಗತೊಡಗಿದರು. ಹಾಡುವವರು ಹೋದ ಕಡೆಗೆ ಪೇಟಿಯೊಂದಿಗೆ ಹಿಂದೆ ಹಿಂದೆ ಹೋಗುವುದೇ ಸಾಥ್. ಮುಂದೆ ಹೋದರೆ ತಪ್ಪು, ಭಾಳ ಹಿಂದೆ ಬಿದ್ದರೂ ತಪ್ಪು. ಹ್ಯಾಂಡ್‌ಬಿಲ್ಲಿನಲ್ಲಿ ಹಾಡುವವರ ಹೆಸರು ಬದನೆಕಾಯಿಯಷ್ಟು, ಇವರ ಹೆಸರು ಸಾಸಿವೆಯಷ್ಟು. ಪೇಪರಿನಲ್ಲಿ ಫೋಟೋ ಬಂದರೆ ಒಂದು ಮೊಣಕೈ ಕಾಣುತ್ತಿತ್ತು. ನಾನು ಓಣಿಯವರಿಗೆಲ್ಲ ಅದನ್ನೇ ತೋರಿಸಿ "ಇದು ನಮ್ಮವರ ಮೊಣಕೈ" ಎನ್ನುತ್ತಿದ್ದೆ. ನಮ್ಮವರಿಗೆ ಅದರ ಬಗ್ಗೆ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇದ್ದರೆ ಅದು ಬೆನ್ನಿನಲ್ಲಿ ಕಾಣಲಿಲ್ಲ.

ಹೀಗೆ ಎಲ್ಲಾ ಮುಗಿಯಿತು ಎನ್ನುವ ಹೊತ್ತಿಗೆ ಹೋದ ವರ್ಷ ಅವರಿಗೆ ಸಣ್ಣಗೆ ಲಕ್ವಾ ಹೊಡೆಯಿತು. ಬಾಯಿ ಉಳಿಯಿತು, ಕೈ ಎರಡೂ ಉಳಿದವು. ಎಡಗಾಲು ಮಾತ್ರ ಮುನಿಸಿಕೊಂಡ ಸೊಸೆಯ ಹಾಗಾಯಿತು. ಕರೆದಾಗ ಬರುವುದಿಲ್ಲ, ತನಗೆ ತಿಳಿದಾಗ ಬರುತ್ತದೆ.

ಅಷ್ಟರಲ್ಲೇ ಗಿರಿಜಾ ಬಂದಳು. ಚಹಾ ಕೊಟ್ಟೆ. ಅವಳು ಬಟ್ಟಲು ಕೆಳಗಿಟ್ಟು ಹೇಳಿದಳು:

"ಗುರುಗಳ, ಧಾರವಾಡದಾಗ ನಿಮ್ಮ ಶಿಷ್ಯರೆಲ್ಲಾ ಕೂಡಿ ಒಂದು ಕಾರ್ಯಕ್ರಮ ಇಟ್ಕೊಂಡೇವ್ರಿ. ನೀವು ನುಡಿಸಬೇಕು."

"ಯಾರು ಹಾಡ್ತಾರ?"

"ಯಾರೂ ಹಾಡೂದಿಲ್ರಿ."

"ನಾಟಕ ಐತೇನು?"

"ನಾಟಕಾನೂ ಇಲ್ರಿ. ನೀವೊಬ್ಬರ."

ನಮ್ಮವರು ಕೈಯಲ್ಲಿ ಬಟ್ಟಲು ತಿರುವಿದರು. "ಮತ್ತ ನಾ ಯಾರ ಹಿಂದ ಹೋಗ್ಲಿ?" ಎಂದರು.

"ಯಾರ ಹಿಂದೂ ಬ್ಯಾಡ್ರಿ ಗುರುಗಳ. ಜನ ನಿಮ್ಮ ಹಿಂದ ಬರ್ತಾರ."

ನನಗೆ ತಡೆಯಲಿಲ್ಲ. "ಏ ಗಿರಿಜಾ, ಅವರ ಕಾಲ್ ನೋಡಿಯೇನು? ಬಚ್ಚಲಕ್ಕ ಹೋಗಾಕ ಗ್ವಾಡಿ ಹಿಡೀತಾರ. ಕಾಲ್ಪೇಟಿ ಎಲ್ಲಿಂದ ತುಳೀತಾರ?"

"ಕೈಪೇಟಿ ನುಡಸ್ಲಿ ಬಿಡ್ರಿ ಅವ್ವಾರ. ಅದಕ್ಕೇನ್ ಕಾಲ್ ಬೇಕು?"

"ಆಗೂದಿಲ್ಲ" ಎಂದರು ನಮ್ಮವರು.

ಯಾವಾಗಲೂ ಇನ್ನೊಬ್ಬರ ಹಿಂದೆ ಹೋಗುವವರು ತಾವಾಗಿ ಒಂದು ಮಾತು ಹೇಳಿದ್ದು ಕೇಳಿ ಗಿರಿಜಾ ನನ್ನ ಮುಖ ನೋಡಿದಳು, ನಾನು ಗಿರಿಜಾಳ ಮುಖ ನೋಡಿದೆ. ಅವರು ನೆಲ ನೋಡುತ್ತಾ ಮೆಲ್ಲಗೆ ಹೇಳಿದರು. ಕಂಪನಿಯಲ್ಲಿ ಇದ್ದಾಗ ಅವರು ತಮ್ಮದೇ ಕೆಲವು ನುಡಿಗಳನ್ನು, ಅಂದರೆ ಹಾಡಿಲ್ಲದ ಬರೀ ಪೇಟಿಯ ಧಾಟಿಗಳನ್ನು, ಕಟ್ಟಿದ್ದರಂತೆ. ಎರಡೂ ಕೈಯಿಂದ ನುಡಿಸುವಂಥವು. ಬಲಗೈ ಒಂದು ಮಾತು ಕೇಳಿದರೆ ಎಡಗೈ ಜವಾಬು ಕೊಡುತ್ತದೆ. ಕೈಪೇಟಿಯಲ್ಲಿ ಒಂದು ಕೈ ಗಾಳಿಗೇ ಹೋಗುತ್ತದೆ, ಅರ್ಧ ಮಾತು ನುಂಗಿದಂತೆ ಆಗುತ್ತದೆ.

"ಯಾವಾಗ ನುಡಸ್ತಿದ್ರಿ ಅವನ್ನ? ನಾ ಎಂದೂ ಕೇಳಿಲ್ಲಲ್ಲ" ಎಂದೆ ನಾನು.

"ಪರದೆ ಬದಲಿಸೂ ಹೊತ್ತಿನ್ಯಾಗ. ನೀವೆಲ್ಲಾ ಶೇಂಗಾ ತಿನ್ನಾಕ ಹೊರಗ ಹೋಗ್ತಿದ್ರಿ." ಬಟ್ಟಲನ್ನು ನನ್ನ ಕಡೆಗೆ ಸರಿಸಿ ಮತ್ತೆ ಹೇಳಿದರು. "ಒಮ್ಮೆರ ನಂದು ಅಂತ ನುಡಸಬೇಕು. ಒಬ್ಬನ."

ಅಂದರೆ ಇಷ್ಟು ವರ್ಷ ಈ ಮನುಷ್ಯನಿಗೆ ಒಂದು ಆಸೆ ಇತ್ತು. ಅದನ್ನು ಗೋಡೆಯ ಮುಂದೆ ಹೇಳಿಕೊಂಡಿದ್ದರೋ ಏನೋ, ನನ್ನ ಮುಂದಂತೂ ಹೇಳಿರಲಿಲ್ಲ. ಈಗ ಹೇಳಿದರು, ಕಾಲು ಹೋದ ಮೇಲೆ. ನನಗೆ ಸಿಟ್ಟು ಬಂತೋ ಕನಿಕರ ಬಂತೋ ಗೊತ್ತಾಗದೆ ಬಟ್ಟಲು ತೊಳೆಯಲು ಹೋದೆ.

ಅಲ್ಲಿಂದ ಶುರುವಾಯಿತು ಗಾಳಿಯ ಪುರಾಣ. ಬಲಗಾಲು ಒಂದರಿಂದಲೇ ತುಳಿದು ನೋಡಿದರು. ಪೇಟಿ ಮೆಟ್ಟಿಲು ಹತ್ತಿದ ಮುದುಕಿಯ ಹಾಗೆ ಏದುಸಿರು ಬಿಟ್ಟಿತು. ಉದ್ದ ಸ್ವರ ಹಿಡಿದರೆ ನಡುವೆ ಕುಸಿಯುವುದು. ಗಿರಿಜಾ ಕರೆಂಟಿನ ಪೇಟಿ ತಂದಳು. ತುಳಿಯುವುದೇ ಬೇಡ, ಬೆರಳಿಟ್ಟರೆ ಸಾಕು. ನಮ್ಮವರು ಬೆರಳಿಟ್ಟರು. ಪೇಟಿ ಕೂಗಿತು. ಅವರ ಬಲಗಾಲು ಕೆಳಗೆ ಬರೀ ನೆಲವನ್ನು ತುಳಿಯುತ್ತಿತ್ತು. ಎಡಗಾಲೂ ಬರುವ ತನಕ ಕೈ ದಾರಿ ಕಾಯುತ್ತದೆ, ಕೈ ಕಾಯುವಷ್ಟರಲ್ಲಿ ಸ್ವರ ಎಲ್ಲಿಯೋ ಹೋಗಿರುತ್ತದೆ. ಒಂದು ನುಡಿಯೂ ಪೂರಾ ಆಗಲಿಲ್ಲ.

ನಮ್ಮ ಓಣಿಯ ತುದಿಯಲ್ಲಿ ಮೌಲಾಸಾಬ ಲೇಥ್ ಇಟ್ಟುಕೊಂಡಿದ್ದಾನೆ. ಈಚೆಗೆ ನನ್ನ ಹೊಲಿಗೆ ಮಷೀನಿಗೆ ಮೋಟರು ಕೂಡಿಸಿ ಕೊಟ್ಟವನು ಅವನೇ. ವಿಷಯ ಕೇಳಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಬಂದ.

"ಅಕ್ಕಾರ, ಇದೇನ್ ದೊಡ್ಡ ಮಾತು? ನಿಮ್ಮ ಮಷೀನಿಂದು ಮೋಟರ್ ಬಿಚ್ಚಿ ಇದಕ್ಕ ಹಚ್ಚೂನು. ಅಜ್ಜಾರು ಆರಾಮ ಕುಂತು ನುಡಸ್ಲಿ."

"ಜಂಪರ್ ಯಾರು ಹೊಲೀಬೇಕು?"

"ಒಂದು ದಿನದ ಮಾತ್ರಿ. ಊರ ಮಂದಿ ಬರೀ ಮೈಲೆ ತಿರಗೂದಿಲ್ಲ."

ಹಚ್ಚಿದ. ಬಟನ್ ಒತ್ತಿದ. ನಮ್ಮವರು ಒಂದು ಪಟ್ಟಿಯ ಮೇಲೆ ಬೆರಳಿಟ್ಟರು. ಪೇಟಿ ಹೊಡೆದ ಕೂಗಿಗೆ ಎದುರು ಮನೆಯವರ ಆಡು ಹಗ್ಗ ಕಿತ್ತುಕೊಂಡು ಓಡಿತು. ಬೆರಳು ಮೆಲ್ಲಗೆ ಇಟ್ಟರೂ ಅಷ್ಟೇ, ಜೋರಾಗಿ ಇಟ್ಟರೂ ಅಷ್ಟೇ. ಮೌಲಾಸಾಬ ಹಿಗ್ಗಿನಿಂದ "ನೋಡ್ರಿ, ಹೆಂಗೈತಿ ತಾಕತ್!" ಎಂದ. ನಮ್ಮವರು ಕಿವಿ ಮುಚ್ಚಿಕೊಂಡು, "ತಾಕತ್ ಬ್ಯಾಡೋ ಮಾರಾಯಾ. ದನಿ ಸಣ್ಣದು ದೊಡ್ಡದು ಮಾಡೂದು ಕಾಲು. ಬೆರಳು ಅಲ್ಲ" ಎಂದರು.

ನನಗೆ ಇದು ಹೊಸ ಸುದ್ದಿ. ಇಷ್ಟು ವರ್ಷ ಜನರೆಲ್ಲಾ ಅವರ ಬೆರಳು ನೋಡಿ ಆಹಾ ಎಂದರು. ಕಾಲಿನ ಬಗ್ಗೆ ಯಾರೂ ಒಂದು ಮಾತು ಆಡಿದ್ದು ನಾನು ಕೇಳಲಿಲ್ಲ.

ಕಡೆಗೆ ಗಿರಿಜಾ ತಾನೇ ಎಡಗಡೆಯ ಹಲಗೆ ತುಳಿಯಲು ಕೂತಳು. ಮೊದಲಿಗೆ ಛಲೋ ನಡೆಯಿತು. ನಮ್ಮವರ ಬಲಗೈ ಏನೋ ಕೇಳಿತು, ಎಡಗೈ ಏನೋ ಜವಾಬು ಕೊಟ್ಟಿತು. ಗಿರಿಜಾ "ಆಹಾ ಗುರುಗಳ!" ಎಂದು ಕಣ್ಣು ಮುಚ್ಚಿದಳು. ಕಾಲೂ ನಿಂತಿತು. ಗಾಳಿ ಹೋಯಿತು. ಮತ್ತೆ ಶುರು ಮಾಡಿದರು, ಮತ್ತೆ ಅದೇ ಜಾಗದಲ್ಲಿ ಆಹಾ. ಅವಳ ಜೋಡಿ ಬಂದ ಇನ್ನೊಬ್ಬ ಶಿಷ್ಯ ಕೂತ, ಅವನದೂ ಅದೇ ಗತಿ. ಸಂಗೀತ ತಿಳಿದವರಿಗೆ ಕಾಲು ತಪ್ಪುತ್ತದೆ ಎಂದು ಆಯಿತು.

ನಾನು ಬಾಗಿಲಲ್ಲಿ ನಿಂತು ಅವರೆಕಾಯಿ ಸುಲಿಯುತ್ತಿದ್ದೆ. ಎಲ್ಲರೂ ಒಮ್ಮೆಲೇ ನನ್ನ ಕಡೆಗೆ ನೋಡಿದರು.

"ಬ್ಯಾಡ" ಎಂದರು ನಮ್ಮವರು.

"ಯಾಕ? ಜಲ್ಮಾ ತುಂಬ ತುಳದೇನಿ ನಾನು."

"ನೀ ತುಳದ್ರ ನಾ ಒಬ್ಬ ಹೆಂಗಾಕ್ಕೇನಿ?"

"ಅಲ್ರಿ, ಅಲ್ಲಿ ಲೈಟಿನಾವ ಇರ್ತಾನ, ಮೈಕಿನಾವ ಇರ್ತಾನ. ಅವರನ್ನೂ ಹೊರಗ ಹಾಕ್ತೀರೇನು?"

"ಅವರು ಬ್ಯಾರೆ. ಅವರು ಸಂಗೀತದಾಗ ಇಲ್ಲ."

"ನಾ ಇದ್ದೇನೇನು? ನಂಗ ಒಂದರ ಸ್ವರಾ ತಿಳೀತೈತಾ, ಹೇಳ್ರಿ ಖರೇ."

ಅವರು ವಿಚಾರ ಮಾಡುವ ತ್ರಾಸು ತೆಗೆದುಕೊಳ್ಳಲಿಲ್ಲ. "ಇಲ್ಲ" ಎಂದರು. ಗಿರಿಜಾ ನಕ್ಕಳು. ಒಪ್ಪಿಗೆ ಆಯಿತು. ಆದರೆ ಅವರ ಮುಖದಲ್ಲಿ ಒಪ್ಪಿದ ಗುರುತು ಇರಲಿಲ್ಲ. ಒಬ್ಬನೇ ಎಂದು ಬೇಡಿದವನಿಗೆ ಹೆಂಡತಿಯ ಕಾಲು ಸಿಕ್ಕರೆ ಎಲ್ಲಿಯ ಸಮಾಧಾನ?

ತಾಲೀಮಿನಲ್ಲಿ ನಮ್ಮಿಬ್ಬರಿಗೂ ಬಿದ್ದ ಜಗಳ ಮದುವೆಯಾದ ಮೇಲೆ ಬಿದ್ದಿರಲಿಲ್ಲ. ಹೊಲಿಗೆ ಮಷೀನು ಒಂದೇ ಸಮನೆ ತುಳಿದರೆ ಹೊಲಿಗೆ ಛಲೋ ಬೀಳುತ್ತದೆ. ಇವರಿಗೆ ಒಂದೇ ಸಮ ಬೇಡ.

"ಜಂಪರ್ ಹೊಲದಂಗ ತುಳೀಬ್ಯಾಡ."

"ಮತ್ತ ಹೆಂಗ ತುಳೀಲಿ?"

"ಕೇಳು."

"ಏನ್ ಕೇಳ್ಲಿ? ಬಾಯಿ ಬಿಟ್ಟು ಹೇಳ್ರಿ."

"ಕೇಳು ಅಂದ್ನೆಲ್ಲ."

ನಾನು ಎದ್ದು ಹೋದೆ. ಅಷ್ಟು ಮಕ್ಕಳಿಗೆ ಕಲಿಸಿದ ಮಾಸ್ತರ, ಒಂದು ಕಾಲಿಗೆ ಕಲಿಸಲು ಬರಲಿಲ್ಲ ಎಂದು ಒಲೆಯ ಮುಂದೆ ನಿಂತು ಬೈದೆ. ಮಧ್ಯಾಹ್ನ ಮತ್ತೆ ಕೂತೆವು. ಅವರು ಕೂಡುವ ಬಾಕಿನ ಮೇಲೆ ಮಗ್ಗುಲಲ್ಲಿ ಕೂತರೆ ಅವರ ಮೋರೆ ಕಣ್ಣಿಗೆ ಬೀಳುತ್ತಿತ್ತು. ನುಡಿಸುವಾಗ ಅವರು ತುಟಿ ಅಲ್ಲಾಡಿಸುತ್ತಾರೆ, ಹುಬ್ಬು ಕುಣಿಸುತ್ತಾರೆ, ಯಾರೋ ಬೇರೆ ಗಂಡಸಿನ ಮಗ್ಗುಲಲ್ಲಿ ಕೂತ ಹಾಗೆ ಆಗಿ ನನಗೆ ಕಾಲು ತಪ್ಪುತ್ತಿತ್ತು. ಸಣ್ಣ ಸ್ಟೂಲು ತೆಗೆದುಕೊಂಡು ಸ್ವಲ್ಪ ಹಿಂದಕ್ಕೆ ಸರಿದು, ಅಲ್ಲಿಂದ ಕಾಲು ಚಾಚಿದೆ. ಎದುರಿಗೆ ಬೆನ್ನು ಬಂತು. ಅದು ನನಗೆ ಪರಿಚಯದ್ದು. ಉಸಿರು ಹಿಡಿದರೆ ಎಡಭುಜ ಒಂದಿಷ್ಟು ಏಳುತ್ತದೆ, ಆಗ ನಾನು ಮೆಲ್ಲಗೆ. ಬೆನ್ನು ಹಿಗ್ಗಿದರೆ ಜೋರು. ಸ್ವರ ಹಾಳಾಗಿ ಹೋಗಲಿ, ಬೆನ್ನು ನೋಡಿ ತುಳಿದೆ.

"ಈಗ ಕೇಳಾಕತ್ತಿ ನೋಡು" ಎಂದರು ಅವರು, ಗೋಡೆಯ ಕಡೆಗೆ.

ನಾನು ತುಳಿಯುತ್ತಲೇ ಇದ್ದೆ. ಕೇಳಲಿಲ್ಲ ಎಂದು ಹೇಳ ಹೋದರೆ ಮತ್ತೊಂದು ಜಗಳ.

ಕಾರ್ಯಕ್ರಮದ ದಿನ ಕಾಲ್ಪೇಟಿಗೆ ಗೋಧಡಿ ಸುತ್ತಿ ಟೆಂಪೋದಲ್ಲಿ ಏರಿಸಿ ಧಾರವಾಡಕ್ಕೆ ಹೋದೆವು. ಮಧ್ಯಾಹ್ನದ ಮೇಲೆ ಶುರು. ಸಣ್ಣ ಹಾಲು, ಆದರೆ ತುಂಬಿತ್ತು. ಬಾಗಿಲ ಮುಂದಿನ ಹಲಗೆಯ ಮೇಲೆ ಅವರ ಹೆಸರು ದೊಡ್ಡದಾಗಿ ಬರೆದಿದ್ದರು. ಕೆಳಗೆ ಇನ್ನಾರ ಹೆಸರೂ ಇರಲಿಲ್ಲ. ನಮ್ಮವರು ಅದರ ಮುಂದೆ ಕೋಲು ಊರಿಕೊಂಡು ನಿಂತೇ ನಿಂತರು. ತಪ್ಪಿದೆಯೇನೋ ಎಂದು ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿ ನೋಡಿದೆ, ತಪ್ಪಿರಲಿಲ್ಲ.

ಗಿರಿಜಾ ಕಿವಿಯಲ್ಲಿ ಕೇಳಿದಳು, "ಅವ್ವಾರ, ಮೈಕಿನ್ಯಾಗ ನಿಮ್ಮ ಹೆಸರು ಹೇಳ್ಲೇನ್ರಿ?"

"ಏನೂ ಬ್ಯಾಡ. ಹಲಗಿ ಮ್ಯಾಲಿಲ್ಲದ್ದು ಬಾಯಾಗ ಯಾಕ?"

ನಮ್ಮವರು ಅದನ್ನು ಕೇಳಿಸಿಕೊಂಡರು. ಕೋಲು ಊರಿಕೊಂಡು ಒಳಗೆ ನಡೆದರು.

ಪೇಟಿ ಇಡುವಾಗ ಒಂದು ಗೊಂದಲ. ಜನರಿಗೆ ಮುಖ ಕಾಣುವಂತೆ ಕೂಡಬೇಕು ಎಂದು ಗಿರಿಜಾ. ಹಾಗೆ ಕೂತರೆ ಕೈ ಬರುವುದಿಲ್ಲ ಎಂದು ಇವರು. ಕಡೆಗೆ ಹಿಂದಿನ ಗೋಡೆಗೇ ಹಚ್ಚಿದರು. ಪರದೆ ಸರಿಯಿತು. ಜನರಿಗೆ ಕಂಡದ್ದು ಎರಡು ಬೆನ್ನು, ಒಂದು ಗಂಡಿನದು ಒಂದು ಹೆಣ್ಣಿನದು. ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಪೇಟಿ ಶುರುವಾಯಿತು, ಸದ್ದು ನಿಂತಿತು.

ಅವರು ಕಂಪನಿಯಲ್ಲಿ ಕಟ್ಟಿದ ಆ ನುಡಿಗಳನ್ನು ಒಂದಾದ ಮೇಲೊಂದು ನುಡಿಸಿದರು. ಹೇಗಿದ್ದವು ಎಂದು ನನ್ನನ್ನು ಕೇಳಬೇಡಿ. ನಾನು ಭುಜ ನೋಡುತ್ತಿದ್ದೆ. ಹಿಂದಿನಿಂದ ವಾಹ್ ವಾಹ್ ಬರುತ್ತಿತ್ತು. ಯಾರೂ ಶೇಂಗಾ ತಿನ್ನಲು ಎದ್ದು ಹೋಗಲಿಲ್ಲ, ಅಷ್ಟು ಖರೆ. ಒಂದು ನುಡಿಯಲ್ಲಿ ಎಡಗೈ ಬಲಗೈಗೆ ಜವಾಬು ಕೊಡುವ ಬದಲು ಸುಮ್ಮನಿದ್ದುಬಿಟ್ಟಿತು. ಬಲಗೈ ಕಾಯ್ದು ಕಾಯ್ದು ಮತ್ತೆ ಕೇಳಿತು. ಅದು ಮಾತ್ರ ನನಗೆ ತಿಳಿಯಿತು, ಮನೆಯಲ್ಲಿ ದಿನಾ ನಡೆಯುವುದೇ ಅದು.

ಎಲ್ಲಾ ಮುಗಿಯಿತು, ಇನ್ನು ಒಂದೇ ಉಳಿದಿದೆ ಎಂದು ಅವರು ಬೆವರು ಒರೆಸಿಕೊಂಡರು. ಹಿಂದೆ ಕೆಲವರು ಚಪ್ಪಲಿ ಹುಡುಕಿದ ಸಪ್ಪಳ ಬಂತು. ಭೈರವಿ ಇರಬೇಕು ಎಂದು ಕಾಲು ಹಲಗೆಯ ಮೇಲೆ ಇಟ್ಟೆ. ಅವರು ತಿರುಗದೆಯೇ ಮೆಲ್ಲಗೆ ಹೇಳಿದರು:

"ನೀಲವ್ವಾ, ಕಾಲು ತಗಿ."

"ಏನ್ರಿ?"

"ನಿನ್ನ ಕಾಲು ತಗಿ."

"ಗಾಳಿ?"

"ತಗಿ ಅಂದ್ನೆಲ್ಲ."

ತೆಗೆದೆ. ಅವರು ಎರಡೂ ಕೈಯಿಂದ ತಮ್ಮ ಎಡ ಮೊಣಕಾಲನ್ನು ಎತ್ತಿ, ತುಂಬಿದ ಕೊಡ ಇಡುವ ಹಾಗೆ ಹಲಗೆಯ ಮೇಲೆ ಇಟ್ಟುಕೊಂಡರು. ಆಮೇಲೆ ನುಡಿಸತೊಡಗಿದರು.

ಇದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕೆಟ್ಟಿತ್ತು. ಸ್ವರ ತಿಳಿಯದ ನನಗೂ ಗೊತ್ತಾಗುವಷ್ಟು ಕೆಟ್ಟಿತ್ತು. ಬಲಗಾಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಎಡಗಾಲು ತಡವಾಗಿ ಬರುತ್ತಿತ್ತು, ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ. ಪೇಟಿ ದಮ್ಮು ಹತ್ತಿದ ಎಮ್ಮೆಯಂತೆ ಹೆಚ್ಚುವುದು, ಕುಸಿಯುವುದು. ಉದ್ದ ಸ್ವರಗಳು ನಡುವೆ ತುಂಡಾದವು. ಬೆನ್ನು ನೋಡಿದೆ, ಅದು ಬಲಕ್ಕೆ ವಾಲಿತ್ತು, ಏನು ಹೇಳುತ್ತಿದೆ ಎಂದು ಓದಲು ಬರಲಿಲ್ಲ. ನನ್ನ ಕಾಲು ಸ್ಟೂಲಿನ ಕೆಳಗೆ ತನ್ನಷ್ಟಕ್ಕೆ ತಾನೇ ತುಳಿಯುತ್ತಿತ್ತು, ಅದನ್ನು ಕೈಯಿಂದ ಒತ್ತಿ ಹಿಡಿದುಕೊಂಡೆ. ಹಿಂದೆ ಯಾರೂ ವಾಹ್ ಎನ್ನಲಿಲ್ಲ. ಮುಗಿಯಿತು ಇವರ ಮರ್ಯಾದೆ ಎಂದುಕೊಂಡೆ. ಕಡೆಯ ಸ್ವರಕ್ಕೆ ಬಂದಾಗ ಎರಡೂ ಕಾಲು ನಿಂತವು. ಬೆರಳು ಮಾತ್ರ ತೆಗೆಯಲಿಲ್ಲ. ಒಳಗೆ ಉಳಿದ ಗಾಳಿ ಎಷ್ಟಿತ್ತೋ ಅಷ್ಟು ಹೊತ್ತು ಸ್ವರ ಸಣ್ಣಗಾಗುತ್ತಾ ಹೋಗಿ, ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಆಮೇಲೆ ಚಪ್ಪಾಳೆ. ಹಿಂದೆ ಬಂದ ವಾಹ್ ವಾಹ್ ಎಲ್ಲಾ ಕೂಡಿಸಿದರೂ ಅಷ್ಟಾಗಲಿಕ್ಕಿಲ್ಲ. ತಿರುಗಿ ನೋಡಿದರೆ ಜನ ಎದ್ದು ನಿಂತಿದ್ದರು. ಗಿರಿಜಾ ಸೆರಗಿನಿಂದ ಮೂಗು ಒರೆಸುತ್ತಿದ್ದಳು. ಛಲೋ ಆಯಿತೆಂದು ಅಳುತ್ತಾಳೋ, ಕೆಟ್ಟಿತೆಂದು ಅಳುತ್ತಾಳೋ? ಕೇಳಿದರೆ, "ಏನ್ ಹೇಳ್ಲಿ ಅವ್ವಾರ" ಎಂದಳು. ಸಂಗೀತದವರ ಜವಾಬೆಲ್ಲಾ ಹೀಗೆಯೇ.

ಟೆಂಪೋದಲ್ಲಿ ಮುಂದೆ ನಾವು, ಹಿಂದೆ ಗೋಧಡಿ ಹೊದ್ದ ಪೇಟಿ. ಇನ್ನೂ ಪೂರಾ ಕತ್ತಲಾಗಿರಲಿಲ್ಲ. ಸತ್ತೂರು ದಾಟುವವರೆಗೆ ತಡೆದುಕೊಂಡೆ. ಆಮೇಲೆ ಕೇಳಿಯೇ ಬಿಟ್ಟೆ.

"ಕಡೀದು ಕೆಟ್ಟಿತ್ತಲ್ರಿ?"

"ಕೆಟ್ಟಿತ್ತು."

"ಮತ್ತ ಮಂದಿ ಯಾಕ ಎದ್ದು ನಿಂತ್ರು?"

"ನಂಗೂ ಅದ ತಿಳೀವಲ್ದು." ತಮ್ಮ ಎಡಗಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. "ಕೆಟ್ಟಿತ್ತು ಖರೆ. ಆದ್ರ ನಂದಿತ್ತು. ಒಬ್ಬನ ನುಡಿಸಿದೆ."

ಬೇಡಿದ್ದು ಸಿಕ್ಕಿತು. ನನಗೂ ಹಗುರಾಯಿತು. ಆದರೆ ಮನಸ್ಸಿನಲ್ಲಿ ಒಂದು ಕೊರೆಯತೊಡಗಿತು.

"ಹಂಗಾರ ಅದಕ್ಕೂ ಮೊದಲಿನವು?"

"ಅವು ಛಲೋ ಇದ್ದುವು. ಭಾಳ ಛಲೋ ಇದ್ದುವು. ಹಂಗ ನಾ ಎಂದೂ ನುಡಿಸಿಲ್ಲ."

"ಅವು ಯಾರವ್ರಿ ಮತ್ತ?"

ರಾಯಾಪುರ ಹೋಯಿತು. ನವನಗರ ಹೋಯಿತು. ಉಣಕಲ್ ಕೆರೆಯ ದೀಪಗಳು ಬಂದವು. ಸ್ವರದ ಮಾತು ಬಂದರೆ ಕುಕ್ಕರಿಗೂ ತಡವಿಲ್ಲದೆ ಜವಾಬು ಕೊಡುವ ಮನುಷ್ಯ ಇಡೀ ದಾರಿ ಲೆಕ್ಕ ಹಾಕುತ್ತಾ ಕೂತರು. ಓಣಿಯ ತಿರುವಿನಲ್ಲಿ ನನ್ನ ಕಡೆಗೆ ತಿರುಗಿ, ಮುಖಕ್ಕೆ ಮುಖ ಕೊಟ್ಟು ಕೇಳಿದರು:

"ನಿಂಗೇನ ಅನಸ್ತೈತಿ?"

ಪೇಟಿಯ ವಿಷಯದಲ್ಲಿ ಅವರು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ನನಗೇನು ತಿಳಿಯುತ್ತದೆ, ಮಣ್ಣು? "ಮನಿ ಬಂತು, ಇಳೀರಿ" ಎಂದೆ.